ಅಟ್ಟಕ್ಕೆ ಉಡಿಸಿದ ಸೀರೆ

ಚಿಕ್ಕಗೌರಮ್ಮನ ಮಗ ಹಾಲಸ್ವಾಮಿಗೆ ಮೂವತ್ತು ತುಂಬುತ್ತಾ ಬಂದಿತ್ತು. ಹುಡುಗ ಕೆಟ್ಟವನಲ್ಲ. ಬೀಡಿಯಿಲ್ಲ, ಇಸ್ಪೀಟಿಲ್ಲ, ನೊಣವಿನಕೆರೆ ಪಕ್ಕದಲ್ಲಿ ಒಳ್ಳೆಯ ತೆಂಗಿನ ತೋಟಕ್ಕೆ ಒಬ್ಬನೇ ವಾರಸುದಾರ. ಆದರೂ ಕಂಕಣಬಲ ಕೂಡಿಬಂದಿರಲಿಲ್ಲ. ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಹೋಗುವುದು ಆ ಸೀಮೆಯ ಪದ್ಧತಿ. ಹಾಗೆ ನೋಡಲು ತುಮಕೂರಿನಿಂದ ಬಂದಿದ್ದ ಮೇಷ್ಟರ ಹೆಂಡತಿ ನಡುಮನೆಯಲ್ಲಿ ನಿಂತು ಅಟ್ಟದ ಕಡೆ ಕತ್ತೆತ್ತಿ, "ಇದೇನ್ರೀ, ಮನೇನೋ ಕೊಬ್ಬರಿ ಗೋಡೌನೋ? ನಮ್ಮ ಹುಡುಗಿ ತಲೆ ಮೇಲೆ ಕಾಯಿ ಬಿದ್ರೆ ಯಾರು ಜವಾಬ್ದಾರಿ?" ಎಂದು ಸೆರಗು ಕೊಡವಿಕೊಂಡು ಹೊರಟುಬಿಟ್ಟಿದ್ದಳು. ಹೊರಡುವ ಮೊದಲು ಕಾಫಿಯನ್ನು ಮಾತ್ರ ಲೋಟದ ತಳ ಕಾಣುವವರೆಗೂ ಕುಡಿದಿದ್ದಳು ಅನ್ನಿ.

ಆ ಕಡೆಯ ಮನೆಗಳೇ ಹಾಗೆ. ಕೆಳಗೆ ಮನುಷ್ಯರು, ಮೇಲೆ ಕಾಯಿ. ಸೀಳಿದ ಅಡಿಕೆ ಮರದ ದಬ್ಬೆಯ ಅಟ್ಟದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ಒಟ್ಟಿ, ಹೆಚ್ಚುಕಡಿಮೆ ಒಂದು ವರ್ಷ ಕೈಹಚ್ಚದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೂ ಕೆಳಗಿನವರ ತಲೆಯ ಮೇಲೆ, ಮುದ್ದೆಯ ಮೇಲೆ, ಸಾರಿನೊಳಗೆ ಧೂಳು ಉದುರುತ್ತಲೇ ಇರುತ್ತದೆ. ಹದಿನಾರಕ್ಕೆ ಸೊಸೆಯಾಗಿ ಬಂದಂದಿನಿಂದ ಚಿಕ್ಕಗೌರಮ್ಮ ಆ ಧೂಳು ತಿಂದೇ ಬೆಳೆದವಳು. ಮೇಷ್ಟರ ಹೆಂಡತಿಯ ಮಾತು ಅವಳಿಗೆ ಚುಚ್ಚಿದ್ದು ಅದು ಸುಳ್ಳೆಂದಲ್ಲ, ನಿಜವೆಂದೇ.

ಅಷ್ಟರಲ್ಲಿ ತಿಪಟೂರಿನಿಂದ ಇನ್ನೊಂದು ಸಂಬಂಧ ಕೇಳಿಬಂತು. ಕೊಬ್ಬರಿ ಮಂಡಿ ಸಾಹುಕಾರ ಶಂಭುಲಿಂಗಯ್ಯನ ಮಗಳು ಗಿರಿಜಾಂಬಿಕಾ. ಎಸ್ಸೆಸ್ಸೆಲ್ಸಿ ಪಾಸು. ಸಾಹುಕಾರರೇ ಖುದ್ದು ಮನೆ ನೋಡಲು ಬರುತ್ತಾರಂತೆ.

"ಪ್ಯಾಟೆಯೋರು ಕಣ್ರೀ. ಈ ಸಲಾನೂ ತಪ್ಪೋದ್ರೆ ನನ್ನ ಮಗ ಸನ್ನೇಸಿ ಆಗೋದೇಯ. ಮನೆ ಪ್ಯಾಟೆ ಮನೆ ಥರ ಕಾಣ್ಬೇಕು," ಎಂದಳು ಗಂಡನಿಗೆ.

ಗಂಡ ಮರುಳಸಿದ್ದಯ್ಯ ಎಲೆ ಅಡಿಕೆ ಅಗಿಯುತ್ತಾ, "ಮನೆಗೇನಾಗೈತೆ? ನಿಂತೈತಲ್ಲ," ಎಂದ. ಅವನ ಅಲಂಕಾರಶಾಸ್ತ್ರ ಅಲ್ಲಿಗೆ ಮುಗಿಯಿತು.

ಹೊಸ ಸಾಮಾನು ಕೊಳ್ಳಲು ಗಂಡ ಗಂಟು ಬಿಚ್ಚುವವನಲ್ಲ. ಸರಿ, ಚಿಕ್ಕಗೌರಮ್ಮ ಮಗನ ಜೊತೆ ಗಾಡಿ ಕಟ್ಟಿಸಿಕೊಂಡು ತಿಪಟೂರಿನ ಗುಜರಿ ಅಂಗಡಿಗೇ ಹೋದಳು. ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಟೆಂಟ್ ಸಿನಿಮಾವೊಂದು ಮುಚ್ಚಿಹೋಗಿ ಅದರ ಕುರ್ಚಿಗಳು ಅಲ್ಲಿಗೆ ಬಂದಿದ್ದವು. ಬೆನ್ನಿನ ಮೇಲೆ ನಂಬರು ಹೊತ್ತ ನಾಲ್ಕು ಕುರ್ಚಿ ಆರಿಸಿದಳು. ಕ್ಷೌರದ ಅಂಗಡಿಯಿಂದ ಬಂದ ಒಂದಾಳುದ್ದದ ಕನ್ನಡಿ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡ ಬೇಟೆಯೆಂದರೆ ಸೋಫಾ. ನಿಜ ಹೇಳಬೇಕೆಂದರೆ ಅದು ಸೋಫಾ ಅಲ್ಲ, ಕೆಟ್ಟು ಮೂಲೆಗೆ ಬಿದ್ದ ಖಾಸಗಿ ಬಸ್ಸಿನ ಉದ್ದನೆಯ ಸೀಟು. ಬಡಗಿ ಅದಕ್ಕೆ ನಾಲ್ಕು ಕಾಲು ಹೊಡೆದುಕೊಟ್ಟಿದ್ದ. ಬೆನ್ನಿನ ತಗಡಿನ ಮೇಲೆ ಕೆಂಪಕ್ಷರದಲ್ಲಿ 'ಹೆಂಗಸರಿಗೆ' ಎಂದು ಬರೆದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೋಗದಿದ್ದರೆ ಬೇಡ ಎಂದು ಅದರ ಮೇಲೆ ನವಿಲಿನ ಚಿತ್ರದ ಕಟ್‌ಪೀಸ್ ಬಟ್ಟೆ ಹೊದಿಸಿದಳು.

ಇನ್ನು ಅಟ್ಟ. ಅದನ್ನೇನು ಮಾಡುವುದು? ಕಾಯಿ ಇಳಿಸುವ ಹಾಗಿಲ್ಲ, ಇನ್ನೂ ಒಣಗಬೇಕು. ಚಿಕ್ಕಗೌರಮ್ಮ ಪೆಟ್ಟಿಗೆ ತೆಗೆದು ತನ್ನ ಸೀರೆಗಳನ್ನೇ ಹರವಿದಳು. ಬಾಣಂತನಕ್ಕೆ ಅಪ್ಪ ಕೊಡಿಸಿದ್ದ ಮಾವಿನೆಲೆ ಹಸಿರು, ಅರಿಸಿನದ ಬಣ್ಣದ್ದೊಂದು, ಕಡುಗುಲಾಬಿ ನೈಲಾನು. ಎಲ್ಲಿಗೆ ಉಟ್ಟುಕೊಂಡು ಹೋಗಲಿ ಎಂದು ಮಡಿಸಿಟ್ಟವೇ ಹೆಚ್ಚು. ಊರಿನ ದರ್ಜಿ ಸಣ್ಣತಿಮ್ಮಯ್ಯ ಅವನ್ನೆಲ್ಲ ಜೋಡಿಸಿ ಹೊಲಿದುಕೊಟ್ಟ. ತೊಲೆಯಿಂದ ತೊಲೆಗೆ ಮೊಳೆ ಹೊಡೆದು ಬಿಗಿದಾಗ ಅಟ್ಟವೆಂಬ ಅಟ್ಟ ಮಂಗಮಾಯ. ಬಾಗಿಲ ಬೆಳಕು ಬಿದ್ದು ನಡುಮನೆಯೆಲ್ಲ ಗುಲಾಬಿ, ಹಸಿರು, ಹಳದಿ. ಅವಳು ಬಸ್ಸಿನ ಸೀಟಿನ ಮೇಲೆ ಕಾಲು ಮಡಚಿ ಕುಳಿತು ಮೇಲೆ ನೋಡುತ್ತಲೇ ಇದ್ದಳು. ಮದುವೆಯಾಗಿ ಬಂದಮೇಲೆ ಆ ಮನೆಯನ್ನು ಅವಳು ಮೊದಲ ಸಲ ಪ್ರೀತಿಸಿದ್ದು ಅವತ್ತು.

"ಡ್ರಾಮಾ ಕಂಪ್ನಿ ಇದ್ದಂಗೈತೆ ಬುಡು," ಎಂದ ಮರುಳಸಿದ್ದಯ್ಯ. "ಟಿಕೀಟು ಇಡಾನ."

"ಅವರು ಬಂದಾಗ ನೀವು ಬಾಯಿ ಬಿಟ್ಟೀರಿ, ಜ್ವಾಕೆ," ಎಂದಳು.

ಸಾಹುಕಾರ ಶಂಭುಲಿಂಗಯ್ಯ ಬಂದರು. ಬಿಳಿ ಪಂಚೆ, ಹಣೆತುಂಬ ವಿಭೂತಿ, ಕೈಯಲ್ಲಿ ಕೊಡೆ. ನವಿಲಿನ ಮೇಲೆ ಕೂತರು. ಸ್ಪ್ರಿಂಗು ಕಿರ್ರೆಂದಿತು. ಕನ್ನಡಿ ನೋಡಲಿಲ್ಲ, ಕುರ್ಚಿ ನೋಡಲಿಲ್ಲ. ಕೂತವರೇ ಕತ್ತೆತ್ತಿ ಮೇಲೆ ನೋಡಿದರು. ಆ ಮೂಲೆಯಿಂದ ಈ ಮೂಲೆಯವರೆಗೂ ನೋಡಿದರು. ಬಂತಲ್ಲಪ್ಪ ಗ್ರಹಚಾರ, ಇವರದ್ದೂ ಅದೇ ರಾಗ ಎಂದುಕೊಂಡಳು ಚಿಕ್ಕಗೌರಮ್ಮ.

"ಅಟ್ಟದಲ್ಲಿ ಕಾಯಿ ಏನೂ ಇಲ್ವಾ ತಾಯಿ?" ಎಂದು ಕೇಳಿದರು ಸಾಹುಕಾರರು.

"ಒಂದೂ ಇಲ್ಲ ಸಾವ್ಕಾರ್ರೇ!" ಎಂದಳು ಹೆಮ್ಮೆಯಿಂದ. "ಎಲ್ಲಾ ಖಾಲಿ ಮಾಡ್ಸಿಬುಟ್ವಿ. ನಿಮ್ಮ ಮಗಳ ತಲೆ ಮ್ಯಾಲೆ ಒಂದು ಚೂರು ಧೂಳು ಬೀಳಕಿಲ್ಲ."

ಮರುಳಸಿದ್ದಯ್ಯ ಬಾಯಿ ತೆರೆದ. ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡ.

ಸಾಹುಕಾರರ ಮುಖ ಇಳಿದುಹೋಯಿತು. "ಒಣಗೋಕೆ ಮುಂಚೇನೇ ಹಸಿ ಕಾಯಿ ಮಾರ್ಕಂಡ್ರಾ? ಅಷ್ಟೊಂದು ತಾಪತ್ರಯ ಏನ್ ಬಂತು?" ಎಂದರು. ಆ ಸೀಮೆಯಲ್ಲಿ ಅಟ್ಟ ಬರಿದಾಗುವುದೆಂದರೆ ಒಲೆ ಆರಿದ ಹಾಗೆ. ಹೊಟ್ಟೆಗಿಲ್ಲದವರು ಮಾತ್ರ ಹಸಿ ಕಾಯಿ ಇಳಿಸುವುದು. ಇಷ್ಟು ವರ್ಷ ಕೊಬ್ಬರಿ ಸೀಮೆಯಲ್ಲಿ ಬಾಳಿದ ಹೆಂಗಸಿಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಮೇಷ್ಟರ ಹೆಂಡತಿಗೆ ಕೊಡಬೇಕೆಂದಿದ್ದ ಉತ್ತರವನ್ನು ಮಂಡಿ ಸಾಹುಕಾರರಿಗೆ ಕೊಟ್ಟು ಕೂತಿದ್ದಳು.

"ಅಯ್ಯೋ, ಇಲ್ಲ ಕಣ್ರೀ, ಐತೆ! ತುಂಬ ಐತೆ, ಮ್ಯಾಲೇ ಐತೆ!"

"ಈಗ ತಾನೇ ಒಂದೂ ಇಲ್ಲ ಅಂದ್ರಲ್ಲ," ಎಂದು ಸಾಹುಕಾರರು ಕೊಡೆ ಹಿಡಿದು ಎದ್ದರು. ಅವರ ಜೊತೆಗೆ ನವಿಲೂ ಜಾರಿ ಕೆಳಗೆ ಬಿತ್ತು. ಹಿಂದೆ ತಿರುಗಿ 'ಹೆಂಗಸರಿಗೆ' ಓದಿದರು. ಆಮೇಲೆ ಕುರ್ಚಿಯ ನಂಬರು ಓದಿದರು. "ಬಡತನ ತಪ್ಪಲ್ಲ ತಾಯಿ. ಬಣ್ಣ ಕಟ್ಟಿ ಮುಚ್ಚೋದು ತಪ್ಪು. ಬತ್ತೀನಿ," ಎಂದು ಹೊಸಿಲ ಕಡೆ ಹೆಜ್ಜೆ ಇಟ್ಟರು. ಹಾಲಸ್ವಾಮಿ ಕಂಬ ಹಿಡಿದು ನಿಂತಿದ್ದ. ಚಿಕ್ಕಗೌರಮ್ಮ ಮಗನ ಮುಖ ನೋಡಿದಳು.

ಮೂಲೆಯಲ್ಲಿ ಕಾಯಿ ಕೀಳುವ ದೋಟಿ ಒರಗಿತ್ತು. ಅವಳು ಅದನ್ನು ಎತ್ತಿ, ತುದಿಯ ಕುಡುಗೋಲನ್ನು ತನ್ನ ಗುಲಾಬಿ ಸೀರೆಗೇ ಹಾಕಿ ಎಳೆದಳು. ಪರ್ರೆಂದು ಹರಿಯಿತು. ಇನ್ನೊಂದು ಸಲ ಎಳೆದಾಗ ಅಪ್ಪ ಕೊಡಿಸಿದ ಹಸಿರು ಸೀರೆಯೂ ಹೋಯಿತು. ಕಣ್ಣಲ್ಲಿ ನೀರು. ದಬ್ಬೆಗೂ ಕುಡುಗೋಲು ತಗುಲಿ ಧಡಧಡನೆ ಕಾಯಿ ಉರುಳಿದವು. ಒಂದು ಬಿದ್ದ ಏಟಿಗೆ ಕನ್ನಡಿ ಒಡೆಯಿತು, ಇನ್ನೊಂದು ಬಸ್ಸಿನ ಸೀಟಿನ ಮೇಲೆ ಪುಟಿಯಿತು. ಮತ್ತೊಂದು ಉರುಳುತ್ತಾ ಹೋಗಿ ಸಾಹುಕಾರರ ಕಾಲಿನ ಹತ್ತಿರ ನಿಂತಿತು. ತಲೆಯ ಮೇಲೆಲ್ಲ ಧೂಳು.

ಧೂಳಿನಲ್ಲೇ ಸಾಹುಕಾರರು ಬಗ್ಗಿ ಆ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಆಗಲೇ ಚಿಪ್ಪು ಬಿಡುತ್ತಿದ್ದ ಕೊಬ್ಬರಿ ಒಳಗೆ ಗಡಗಡ ಅಂದಿತು. ಇನ್ನೊಂದು ಸಲ ಅಲ್ಲಾಡಿಸಿದರು. ಮೇಲೆ ನೋಡಿದರೆ ಅಟ್ಟದಲ್ಲಿ ಸೂರಿನವರೆಗೂ ಕಾಯಿ ತುಂಬಿಕೊಂಡಿತ್ತು. ಅವರ ಮುಖ ಅರಳಿತು.

"ಭೇಷ್! ಏನ್ ಕಾಯಿ, ಏನ್ ಕಾಯಿ! ಇಷ್ಟ್ ಮಡಿಕ್ಕಂಡು ಬಡವ್ರಂಗೆ ಬಟ್ಟೆ ಯಾಕಮ್ಮಾ ಕಟ್ಟಿದ್ರಿ? ಸ್ವಾಮಿ, ಲಗ್ನಪತ್ರಿಕೆ ಬರ್ಸಾನ," ಎಂದು ಮರುಳಸಿದ್ದಯ್ಯನ ಕೈ ಹಿಡಿದರು. ಎರಡನೇ ಲೋಟ ಕಾಫಿ ಕೇಳಿ ಕುಡಿದರು.

ಮದುವೆಯಾಯಿತು. ಹರಿದ ಸೀರೆಗಳು ಪೆಟ್ಟಿಗೆ ಸೇರಿದವು. ಅಟ್ಟ ಮೊದಲಿನಂತೆ ಧೂಳು ಉದುರಿಸಿತು. ಮಗನ ಮನೆ ತುಂಬಿತೆಂದು ಚಿಕ್ಕಗೌರಮ್ಮನಿಗೆ ಸಂತೋಷವೇ. ಆದರೆ ಆ ಗುಲಾಬಿ ಬೆಳಕಿನ ನೆನಪಾದಾಗ ಮಾತ್ರ ಎದೆಯಲ್ಲಿ ಏನೋ ಒಂದು ನೋವು.

ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ ಊಟಕ್ಕೆ ಕೂತಿದ್ದರು. ಗಿರಿಜಾಂಬಿಕಾಳ ಸಾರಿಗೆ ಮೇಲಿನಿಂದ ನಾರು ಸಮೇತ ಒಂದಿಷ್ಟು ಧೂಳು ಬಿತ್ತು. ಅವಳು ಅದನ್ನು ಬೆರಳಲ್ಲಿ ಎತ್ತಿಹಾಕಿ, ಅತ್ತೆಯ ಮುಖ ನೋಡಿ, ತಡೆಯುತ್ತಾ ಹೇಳಿದಳು:

"ಅತ್ತೆ, ತಪ್ಪು ತಿಳ್ಕಬ್ಯಾಡಿ. ನಮ್ಮಪ್ಪನ ಮನೇಲೂ ಹುಟ್ಟಿದಾಗಿಂದ ಇದೇ ಧೂಳು ತಿಂದಿವ್ನಿ. ಈ ಅಟ್ಟಕ್ಕೆ ಕೆಳಗಿಂದ ಒಂದು ಬಟ್ಟೆ ಕಟ್ಟಿದ್ರೆ ಆಗಕಿಲ್ವಾ? ಒಸಿ ಬಣ್ಣದ್ದು."

ಚಿಕ್ಕಗೌರಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಪೆಟ್ಟಿಗೆಯ ಕಡೆ ನೋಡಿದಳು.

"ಕಟ್ಟಾನ ಕಣವ್ವ, ಇವತ್ತೇ ಕಟ್ಟಾನ. ನಿಮ್ಮಪ್ಪ ಬರೋ ದಿವ್ಸ ಮಾತ್ರ ಬಿಚ್ಚಿಟ್ಬುಡಾನ."