ವೆಂಡೆಲ್‌ನ ಟೊಪ್ಪಿ

ನವೆಂಬರ್ ಹನ್ನೊಂದರ ಸ್ಮರಣೆಯ ದಿನದ ಬೆಳಿಗ್ಗೆ ಹಾಲಿಸ್ ಮುದುಕ ಸ್ಮಾರಕದ ಮುಂದೆ ನಿಂತು, ಯುದ್ಧದಲ್ಲಿ ಮಡಿದ ಊರಿನವರ ಹೆಸರುಗಳನ್ನು ಓದಿ ಮುಗಿಸಿದ. ನಲವತ್ತಮೂರು ಹೆಸರು. ನಲವತ್ತನಾಲ್ಕನೆಯದು ಈ ವರ್ಷವೂ ಬರಲಿಲ್ಲ. ಮೆರವಣಿಗೆಯಲ್ಲಿ ಬಂದಿದ್ದ ಗಾರ್ನೆಟ್ ಅದೊಂದನ್ನೇ ಕಾಯುತ್ತ ನಿಂತಿದ್ದ. ಎಂಟು ವರ್ಷದಿಂದ ಇದೇ ಗೋಳು! ಪ್ರತಿ ಅಕ್ಟೋಬರಿನಲ್ಲೂ ಮಾಜಿ ಸೈನಿಕರ ಸಂಘಕ್ಕೆ ಹೋಗಿ, ಗೆಳೆಯ ವೆಂಡೆಲ್ ಹ್ಯಾನ್ಸ್‌ಕಮ್ ಹೆಸರನ್ನೂ ಸೇರಿಸಿ ಎಂದು ಅಂಗಲಾಚುವುದು, ಸಂಘದ ಯಜಮಾನ ಹಾಲಿಸ್ ನಿಯಮದ ಪುಸ್ತಕ ಬಿಚ್ಚುವುದು, ಇವನು ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಮರಳುವುದು.

"ಅದು ಅಮೆರಿಕದೋರ ಯುದ್ಧ ಕಣೋ," ಎಂದಿದ್ದ ಹಾಲಿಸ್ ಹೋದ ತಿಂಗಳು. "ನಮ್ಮ ದೇಶ ಕಳ್ಸಿತ್ತಾ ನಿಮ್ಮನ್ನ? ನೀವಾಗೇ ಸೇತುವೆ ದಾಟ್ಕೊಂಡು ಹೋದ್ರಿ. ನಿಯಮ ಅಂದ್ರೆ ನಿಯಮ."

"ಯಜಮಾನ್ರೇ, ಅವ್ನು ಹುಟ್ಟಿದ್ದು ಈ ಬೀದೀಲಿ, ಮಣ್ಣಾಗಿದ್ದು ಇದೇ ಚರ್ಚ್ ಹಿಂದೆ. ಹೆಸ್ರು ಮಾತ್ರ ಆಚೆ ದಡದ್ದಾ?"

"ಹಂಗಾದ್ರೆ ಆಚೆ ದಡದೋರನ್ನೇ ಕೇಳು, ಹೋಗು."

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಗಾರ್ನೆಟ್, ವೆಂಡೆಲ್ ಇಬ್ಬರೂ ಗಾಡಿಗೆ ಟೈರು ತರುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ, ಗಡಿಯ ನದಿಯ ಸೇತುವೆ ದಾಟಿ, ಆಚೆ ದಡದ ಅಮೆರಿಕದ ಸೈನ್ಯಕ್ಕೆ ಸೇರಿದ್ದರು. ವಿಯೆಟ್ನಾಮಿನಿಂದ ಗಾರ್ನೆಟ್ ಕುಂಟುತ್ತ ಬಂದ. ವೆಂಡೆಲ್ ಪೆಟ್ಟಿಗೆಯಲ್ಲಿ ಬಂದ. 'ನಡಿಯೋ, ಹೋಗೋಣ' ಎಂದು ಮೊದಲು ಅಂದವನು ಗಾರ್ನೆಟ್. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ವೆಂಡೆಲ್‌ನ ತಾಯಿ ವರ್ನಾಗೆ ಈಗ ಎಪ್ಪತ್ತೊಂಬತ್ತು. ಈ ಚಳಿಗಾಲ ದಾಟುವುದು ಅನುಮಾನ ಎಂದು ಡಾಕ್ಟರು ಹೇಳಿಯಾಗಿತ್ತು. ಬೆಳಿಗ್ಗೆ ಮೆರವಣಿಗೆಗೆ ಮುಂಚೆ ಆಕೆ ಮಗನ ಹಳೆಯ ಕಪ್ಪು ಉಣ್ಣೆಯ ಟೊಪ್ಪಿಯನ್ನು ಗಾರ್ನೆಟ್‌ನ ತಲೆಗೆ ತಾನೇ ಹಾಕಿದ್ದಳು.

"ನನ್ ಕೈಲಿ ನಿಲ್ಲೋಕಾಗಲ್ಲ ಕಣಪ್ಪ. ಅವನ ಟೊಪ್ಪಿನಾದ್ರೂ ನಡೀಲಿ. ಸ್ಮಾರಕದ ಎದುರಿಗೇ ಮನೆ ಅಲ್ವಾ, ನಾನು ಕಿಟಕಿ ತೆಗ್ದು ಕೇಳಿಸ್ಕೊತೀನಿ. ಈ ಸಲ ಓದ್ತಾರೆ ತಾನೇ?"

"ಓದ್ತಾರಮ್ಮ," ಎಂದುಬಿಟ್ಟಿದ್ದ ಪುಣ್ಯಾತ್ಮ! ಇನ್ನೇನು ಅನ್ನಬೇಕಿತ್ತು?

ಮೆರವಣಿಗೆ ಚದುರಿತು. ಎಲ್ಲರೂ ಸೂಪಿಗೂ ರಮ್ಮಿಗೂ ಸಂಘದತ್ತ ನಡೆದರು. ಹೆಸರು ಓದಿ ಮುಗಿದೊಡನೆ ವರ್ನಾಳನ್ನು ಯಾರೋ ಕಾರಿನಲ್ಲಿ ಅಲ್ಲಿಗೆ ಕರೆತಂದಿದ್ದರು. ಆಕೆಗೆ ಹೇಗೆ ಮುಖ ತೋರಿಸಲಿ ಎಂದುಕೊಳ್ಳುತ್ತ ಗಾರ್ನೆಟ್ ಬಾಗಿಲು ದಾಟಿದ.

ಢಣ್ ಢಣ್ ಎಂದು ಗಂಟೆ ಮೊಳಗಿತು. ಅಯ್ಯೋ, ಟೊಪ್ಪಿ! ತಲೆಯ ಮೇಲೇ ಉಳಿದಿತ್ತು.

ಸಂಘದೊಳಗೆ ತಲೆಯ ಮೇಲೆ ಟೊಪ್ಪಿ ಇಟ್ಟರೆ ಸತ್ತವರಿಗೆ ಅವಮಾನ. ಹಾಗೆ ಬಂದವನ ಟೊಪ್ಪಿ ಕಸಿದು, ಒಳಗೆ ಶಾಯಿಯಲ್ಲಿ ಬರೆದ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಎಲ್ಲರೂ ಲೋಟ ಎತ್ತಿ ಆ ಹೆಸರನ್ನು ಮರುಕೂಗುತ್ತಾರೆ. ಟೊಪ್ಪಿಯವನು ಎಲ್ಲರಿಗೂ ರಮ್ ಕುಡಿಸಬೇಕು. ಒಂದೇ ಗೂಟಕ್ಕೆ ಹತ್ತು ಕಪ್ಪು ಟೊಪ್ಪಿ ಬೀಳುವ ಊರು. ಅದಲುಬದಲಾಗಬಾರದೆಂದು ಹೆಸರು ಬರೆಯದ ಟೊಪ್ಪಿಯೇ ಇಲ್ಲ.

"ಸಿಕ್ಕಿಬಿದ್ದ ನೋಡ್ರೋ ಬಕ್ರಾ!" ಹಾಲಿಸ್ ಗಂಟೆಯ ಹಗ್ಗ ಬಿಟ್ಟು ಓಡಿ ಬಂದು ಟೊಪ್ಪಿ ಕಿತ್ತುಕೊಂಡ. ಕನ್ನಡಕ ಏರಿಸಿ, ಟೊಪ್ಪಿ ಮಗುಚಿ, ಬಾಯಿ ತೆರೆದ. ಕೂಗುವ ಬದಲು ಟೊಪ್ಪಿಯನ್ನು ಇನ್ನೂ ಹತ್ತಿರ ಹಿಡಿದು ಮತ್ತೆ ನೋಡಿದ.

"ಹೆಸ್ರು! ಹೆಸ್ರು!" ಜನ ಮೇಜು ಕುಟ್ಟಿದರು.

"ಇದು ನಿಂದಲ್ವಲ್ಲೋ," ಎಂದ ಹಾಲಿಸ್ ಮೆಲ್ಲಗೆ.

ಗಾರ್ನೆಟ್‌ಗೆ ಆಗ ಹೊಳೆಯಿತು. "ನಿಯಮ ಏನನ್ನುತ್ತೆ ಯಜಮಾನ್ರೇ? ಒಳಗಿರೋ ಹೆಸ್ರು ಕೂಗ್ಬೇಕು ಅಂತ ತಾನೇ?"

"ಇದು ಬೇರೆ ಕಣೋ..."

"ಬೇರೆ ಅಂತೆ! ಎಂಟು ವರ್ಷ ನನ್ ಮುಖಕ್ಕೆ ಹಿಡಿದ್ರಲ್ಲ ಆ ಪುಸ್ತಕಾನ? ಈಗ ಓದಿ!"

ಹಾಲಿಸ್ ಮೂಲೆಯತ್ತ ನೋಡಿದ. ಅಲ್ಲಿ ವರ್ನಾ ಸೂಪಿನ ಚಮಚ ಹಿಡಿದು ಇವನನ್ನೇ ನೋಡುತ್ತಿದ್ದಳು.

"ವೆಂಡೆಲ್... ವೆಂಡೆಲ್ ಹ್ಯಾನ್ಸ್‌ಕಮ್."

"ವೆಂಡೆಲ್ ಹ್ಯಾನ್ಸ್‌ಕಮ್!" ರೂಢಿಯ ಬಲದಿಂದ ಅರವತ್ತು ಗಂಟಲು ಒಟ್ಟಿಗೆ ಕೂಗಿದವು. ಯಾರೋ ನಕ್ಕರು. ಆಮೇಲೆ ಅರ್ಥವಾಗಿ ನಗು ಅಲ್ಲಲ್ಲೇ ನಿಂತಿತು.

ಗಾರ್ನೆಟ್‌ಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎಂಟು ವರ್ಷ ಬೇಡಿದ ಹೆಸರು ಕೊನೆಗೆ ಬಂದದ್ದು ಹೀಗಾ, ಕುಡುಕರ ತಮಾಷೆಯಲ್ಲಿ! ಥೂ.

ವರ್ನಾ ಚಮಚ ಕೆಳಗಿಟ್ಟಳು. "ಹಾಲಿಸ್, ಬೆಳಿಗ್ಗೆ ನೀನು ಓದ್ವಾಗ ಕಿಟಕಿ ಹತ್ರಾನೇ ಕೂತಿದ್ದೆ. ಅವನ ಹೆಸ್ರು ಕೇಳಿಸ್ಲೇ ಇಲ್ಲ. ಗಾಳಿ ಇತ್ತೋ ಏನೋ."

ಬೆಳಿಗ್ಗೆ ಒಂದು ಎಲೆಯೂ ಅಲ್ಲಾಡಿರಲಿಲ್ಲ. ಹಾಲಿಸ್ ಗಾರ್ನೆಟ್‌ನ ಮುಖ ನೋಡಿದ. ಸುಳ್ಳು, ಅವನು ಓದಲೇ ಇಲ್ಲ ಎಂಬ ಮಾತು ಗಾರ್ನೆಟ್‌ನ ನಾಲಿಗೆ ತುದಿಗೆ ಬಂದಿತ್ತು. ಕಚ್ಚಿ ಹಿಡಿದ.

"ಹೌದು ವರ್ನಕ್ಕ," ಎಂದ ಹಾಲಿಸ್. "ಗಾಳಿ ಜೋರಿತ್ತು."

"ಹೋಗ್ಲಿ ಬಿಡು. ಇನ್ನೊಂದ್ಸಲ ಓದು, ಇಲ್ಲಿ ಗಾಳಿ ಇಲ್ವಲ್ಲ."

ಹಾಲಿಸ್ ಟೊಪ್ಪಿಯನ್ನು ಎದೆಗೊತ್ತಿ ಹಿಡಿದು, ಬೆಳಿಗ್ಗೆ ಸ್ಮಾರಕದ ಮುಂದೆ ನಿಂತಿದ್ದಂತೆಯೇ ನೆಟ್ಟಗೆ ನಿಂತು, ಮತ್ತೆ ಓದಿದ. ಈ ಸಲ ಯಾರೂ ಲೋಟ ಎತ್ತಲಿಲ್ಲ. ಕುರ್ಚಿಗಳನ್ನು ಹಿಂದೆ ಸರಿಸಿ ಎಲ್ಲರೂ ಎದ್ದು ನಿಂತರು.