ಮೂತಿ ಮುರಿದ ಚಾದಾನಿ

ಮಳೆ ಹಿಂದೆಗೆದು, ಬಿಸಿಲಿನ್ನೂ ಮುನಿಯದ ಆ ಭಾದ್ರಪದದ ಪ್ರಾತಃಕಾಲ! ಸರಸಂಬಾ ಎಂಬ ಊರಿನ ಕಪ್ಪು ಎರೆಭೂಮಿ ರಾತ್ರಿಯ ತೇವವನ್ನು ಮೈಯೊಳಗಿಟ್ಟುಕೊಂಡು ನಿಧಾನವಾಗಿ ಉಸಿರುಬಿಡುತ್ತಿತ್ತು; ತೊಗರಿಯ ಹೊಲಗಳು ದಿಗಂತದವರೆಗೆ ಹಸಿರಾಗಿ ಹಬ್ಬಿದ್ದವು; ಪೂರ್ವದಿಕ್ಕಿನ ಅರುಣಕಾಂತಿ ವಾಡೆಯ ಮಾಳಿಗೆಯನ್ನು ಮೊದಲು ಮುಟ್ಟಿ, ಮೆಟ್ಟಿಲಿಳಿದು, ಅಂಗಳದ ಕಣಗಿಲೆ ಗಿಡದ ಮೇಲೆ ಬಂದು ನಿಂತಿತ್ತು... ಓದುಗ ಮಹಾಶಯರೇ, ಇಷ್ಟು ಸುಂದರವಾದ ಬೆಳಗಿನಲ್ಲಿ ಮುರಿದುಬೀಳುವ ವಸ್ತುವಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ?

ಹೀರಾಬಾಯಿ ಆ ವಾಡೆಯ ಹಿರಿಯ ಸೊಸೆ, ದೌಲತರಾಯನ ಧರ್ಮಪತ್ನಿ. ಮನೆತುಂಬ ಜನರಿದ್ದರೂ ಒಲೆಯನ್ನು ಒಬ್ಬಳೇ ನಿಭಾಯಿಸುವ, ಅಳುವುದಕ್ಕೆ ಪುರುಸೊತ್ತೇ ಇಲ್ಲದ ಗಟ್ಟಿ ಹೆಣ್ಣು. ಅಂದು ಬಚ್ಚಲ ಕಲ್ಲಿನ ಬಳಿ ಚೀನಿಮಣ್ಣಿನ ಚಾದಾನಿಯನ್ನು ತೊಳೆಯುತ್ತಿದ್ದಾಗ ಕೈ ಜಾರಿತು. ಟಣ್ ಎಂಬ ಒಂದೇ ಸದ್ದು! ಚಹಾ ಬಗ್ಗಿಸುವ ಮೂತಿ ಬುಡದಿಂದಲೇ ಮುರಿದು ಅವಳ ಅಂಗೈಯಲ್ಲಿ ಉಳಿಯಿತು.

ಚಹಾ ಎಂಬುದು ಊರಲ್ಲಿ ಇನ್ನೂ ದೊಡ್ಡಸ್ತಿಕೆಯ ವಸ್ತುವಾಗಿದ್ದ, ನಿಜಾಮರ ಆಳ್ವಿಕೆಯ ಕಾಲವದು. ಮದುವೆಯಾದ ವರ್ಷವೇ ದೌಲತರಾಯ ಸೊಲ್ಲಾಪುರದ ಪೇಟೆಯಿಂದ ಆ ಚಾದಾನಿಯನ್ನು ಹುಲ್ಲಿನಲ್ಲಿ ಸುತ್ತಿ, ಚಕ್ಕಡಿಯಲ್ಲಿ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ತಂದಿದ್ದ. ಆ ಮನೆಯಲ್ಲಿ ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ರೂಢಿಯಿರಲಿಲ್ಲ. ಹೆಸರು ಹಿಡಿದು ಕರೆಯುವ ಮಾತಂತೂ ದೂರವೇ ಉಳಿಯಿತು. ಹೀಗಿರುವಾಗ ಆ ತರುಣ ದಂಪತಿಗಳ ಹಗಲಿನ ಸಂಭಾಷಣೆಯ ಭಾರವನ್ನೆಲ್ಲ ಹೊತ್ತದ್ದು ಚಾದಾನಿಯ ಮೂತಿ! ಪಡಸಾಲೆಯಲ್ಲಿ ಹೀರಾಬಾಯಿ ಅದನ್ನು ಅವನ ಕಡೆಗೆ ಮುಖಮಾಡಿ ಇಟ್ಟರೆ ಮನಸ್ಸು ಪ್ರಸನ್ನವಾಗಿದೆಯೆಂದರ್ಥ. ಗೋಡೆಯ ಕಡೆಗೆ ಮೂತಿ ತಿರುವಿ ಇಟ್ಟರೆ... ಅಂದು ಸಂಜೆ ರಾಯರು ಸೇವಂತಿಗೆಯ ಮಾಲೆಯಿಲ್ಲದೆ ಮನೆಗೆ ಬರುವಂತಿರಲಿಲ್ಲ. ಈಗ ಮಕ್ಕಳು ದೊಡ್ಡವರಾಗಿದ್ದರು, ಅವನ ಕಿವಿಯ ಬಳಿ ನರೆ ಇಣುಕುತ್ತಿತ್ತು. ಚಾದಾನಿಯ ಭಾಷೆ ಮಾತ್ರ ಹಾಗೆಯೇ ನಡೆದುಬಂದಿತ್ತು.

ಮುತ್ತೈದೆಯ ಬಾಯಲ್ಲಿ ಬಳೆ "ಒಡೆಯಿತು" ಎಂಬ ಮಾತು ಬರಬಾರದು; "ಹೆಚ್ಚಿತು" ಎನ್ನಬೇಕು. ಅಮಂಗಲವನ್ನು ಮಂಗಲದ ಸೆರಗಿನಲ್ಲಿ ಮುಚ್ಚುವ ನಮ್ಮ ಹೆಣ್ಣುಮಕ್ಕಳ ಜಾಣತನ ಅದು. ಹೀರಾಬಾಯಿಗೆ ಆ ಚಾದಾನಿ ಬಳೆಗಿಂತ ಕಡಿಮೆಯದಾಗಿರಲಿಲ್ಲ. ಆದ್ದರಿಂದ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಅರೆಗಣ್ಣು ಮುಚ್ಚಿ ಪೂಜೆಗೆ ಕುಳಿತಿದ್ದ ಅತ್ತೆ ಕಾಶಮ್ಮನಿಗೆ ಹೀಗೆಂದಳು.

"ಅತ್ತಿ, ಚಾದಾನಿ ಹೆಚ್ಚಿತ್ರಿ."

"ಹೆಚ್ಚಿದ್ರ ಹೆಚ್ಚಲಿ ಬಿಡವ್ವಾ," ಎಂದಳು ಕಾಶಮ್ಮ, ಕಣ್ಣು ತೆರೆಯದೆ.

ಮುರಿದ ತುಂಡನ್ನು ಚಾದಾನಿಯ ಹೊಟ್ಟೆಯೊಳಗೇ ಹಾಕಿ, ಗಾಯ ಕಾಣದಂತೆ ಗೋಡೆಯ ಕಡೆಗೆ ತಿರುಗಿಸಿ, ಹೀರಾಬಾಯಿ ಅದನ್ನು ಗೂಡಿನಲ್ಲಿಟ್ಟಳು. ಎದೆಯಲ್ಲಿ ಚುಚ್ಚಿದಂತಾಗಿತ್ತು, ನಿಜ. ಆದರೆ ಮುರಿದದ್ದು ಮೂತಿ, ಸಂಸಾರವಲ್ಲವಲ್ಲ! ಸಂಜೆಯೊಳಗೆ ಏನಾದರೊಂದು ದಾರಿ ಕಂಡುಕೊಂಡೇನೆಂದು ತನಗೆ ತಾನೇ ಹೇಳಿಕೊಂಡು, ಬುತ್ತಿಯ ಗಂಟು ಹೊತ್ತು ಹೊಲಕ್ಕೆ ನಡೆದಳು.

ಹಿಂತಿರುಗಿ ಬಂದಾಗ ಗೂಡು ಬರಿದಾಗಿತ್ತು.

"ಪೀರಬಿ ಬಂದಿದ್ಳು, ಕೊಟ್ಟು ಕಳಿಸಿದೆ," ಎಂದಳು ಕಾಶಮ್ಮ ಸಹಜವಾಗಿ. "ನಮಗ ಹೆಚ್ಚಾಗ್ಯಾದ, ಗೂಡಿನಾಗಿಂದ ತಗೊಂಡು ಒಯ್ಯಿ ಬೇ ಅಂದೆ. ನೀನೇ ಹೇಳಿದೆಲ್ಲ!"

ಪೀರಬಿಯೆಂದರೆ ಊರಿನ ಕಲಾಯಿಗಾರ ಮುರ್ತುಜಾನ ಹೆಂಡತಿ. ಕಲಾಯಿ ಹಾಕಿದ ಪಾತ್ರೆಗಳನ್ನು ಮನೆಮನೆಗೆ ಮುಟ್ಟಿಸುವವಳು. ಹೀರಾಬಾಯಿ ಬುತ್ತಿಯ ಗಂಟನ್ನು ಕೆಳಗಿಟ್ಟು ಬರಿದಾದ ಗೂಡನ್ನೇ ನೋಡಿದಳು. ಅತ್ತೆ ತಾನಾಗಿ ಕೊಟ್ಟದ್ದನ್ನು ಸೊಸೆ ಮರಳಿ ಕೇಳಿದರೆ ಅತ್ತೆಯ ಮಾತಿಗೆ ಬೆಲೆಯೆಲ್ಲಿ ಉಳಿಯಿತು? ಹೊಸ ಚಾದಾನಿ ಬಂದೀತು... ಆದರೆ ಇಷ್ಟು ವರ್ಷ ಅವನೊಡನೆ ಹಗಲಿನಲ್ಲಿ ಆಡಿದ ಮಾತೆಲ್ಲ ಆ ಒಂದು ಮೂತಿಯಲ್ಲಿತ್ತು. ಅದು ಹೋದ ಮೇಲೆ ತಾನು ಈ ಮನೆಯಲ್ಲಿ ಬರೀ ಸೊಸೆಯಾಗಿ ಉಳಿಯುವೆನೇ ಎಂಬ ಭಯ, ಜೀವನದಲ್ಲಿ ಮೊದಲ ಸಲ, ಅವಳನ್ನು ಮುಟ್ಟಿತು.

ಸಂಜೆ ಪಡಸಾಲೆಗೆ ಚಹಾ ಬಂದದ್ದು ಹಿತ್ತಾಳೆಯ ತಂಬಿಗೆಯಲ್ಲಿ. ತಂಬಿಗೆಗೆ ಮುಖವೂ ಇಲ್ಲ, ಮೂತಿಯೂ ಇಲ್ಲ. ಎತ್ತ ತಿರುಗಿಸಿದರೂ ಒಂದೇ! ದೌಲತರಾಯ ನೋಡಿದ. ಹೆಂಡತಿಯ ಕಡೆಗೆ ನೋಡಿದ. ಸೆರಗು ಹಣೆಯ ಮೇಲೆ ಇಳಿದಿತ್ತು. ತಂಬಿಗೆಯನ್ನು ಮೆಲ್ಲನೆ ಒಂದು ಸುತ್ತು ತಿರುಗಿಸಿ ಮತ್ತೆ ನೋಡಿದ. ಪಕ್ಕದಲ್ಲಿ ಸೋದರಮಾವ ಶಾಂತಲಿಂಗಪ್ಪ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದರು. ಎದುರಿಗೆ ತಾಯಿ ಕಾಶಮ್ಮ ಬತ್ತಿ ಹೊಸೆಯುತ್ತಿದ್ದಳು. ಸಾವಿರ ಜನರ ಪಂಚಾಯತಿಯಲ್ಲಿ ತಡವರಿಸದ ಆ ಗಂಡಸು ಕಪ್ಪನ್ನು ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ.

"ಹೀರಾ..."

ಅಡಕೊತ್ತು ನಿಂತಿತು. ಬತ್ತಿ ನಿಂತಿತು.

"ಹೀರಾ, ಏನಾಗ್ಯಾದ? ನನ್ನ ಮ್ಯಾಲ ಸಿಟ್ಟೇನು?"

ಎಷ್ಟೋ ಮಳೆಗಾಲಗಳನ್ನು ಕಂಡ ಆ ಪಡಸಾಲೆ ಇಂಥದೊಂದು ಮಾತನ್ನು ಕೇಳಿರಲಿಲ್ಲ! ಹೀರಾಬಾಯಿ ಒಳಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ. ಸೆರಗನ್ನು ಸರಿಪಡಿಸಿಕೊಂಡು, ಬಾಗಿಲ ಚೌಕಟ್ಟಿಗೆ ಕೈಯೂರಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸಿಟ್ಟಿಲ್ರಿ. ಚಾದಾನಿ ಹೆಚ್ಚಿತ್ರಿ, ಮೂತಿ ಹೋತು. ಇನ್ನ ನಿಮ್ಮ ಕೂಡ ಹ್ಯಾಂಗ ಮಾತಾಡ್ಲಿ ಅಂತ ತಿಳೀಲಿಲ್ಲ."

"ಅಯ್ಯ ನಮ್ಮವ್ವಾ!" ಕಾಶಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಬಳಿಗಿ ಅಂತಾರ ಹೆಚ್ಚಿತು ಅಂತ, ಚಾದಾನಿಗಿ ಯಾರಂತಾರ? ಮನ್ಯಾಗ ಎರಡು ಅದಾವ ಅಂತ ತಿಳದೆ ನಾ!" ಒಂದು ಕ್ಷಣ ತಡೆದು, ಮಗನನ್ನೂ ಸೊಸೆಯನ್ನೂ ಕಣ್ಣು ಕಿರಿದಾಗಿಸಿ ನೋಡಿದಳು. "ಅದರ ಮೂತಿ ಒಮ್ಮೊಮ್ಮೆ ಗ್ವಾಡಿ ಕಡೆ ಯಾಕ ಹೊಳ್ಳತದ ಅಂತ ಇಷ್ಟು ವರ್ಷ ವಿಚಾರ ಮಾಡಿದ್ದೆ. ಈಗ ತಿಳೀತು!"

ಮೊದಲು ನಕ್ಕವರು ಶಾಂತಲಿಂಗಪ್ಪನವರೇ. ಆಮೇಲೆ ಇಡೀ ವಾಡೆ ನಕ್ಕಿತು. ದೌಲತರಾಯ ಮಾತ್ರ ಕಿವಿಯವರೆಗೆ ಕೆಂಪಾಗಿ, ಬರಿದಾದ ಕಪ್ಪನ್ನೇ ಮತ್ತೆ ಮತ್ತೆ ಬಾಯಿಗಿಟ್ಟುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಪೀರಬಿ ತಾನಾಗಿಯೇ ಬಂದಳು, ಸೆರಗಿನೊಳಗೆ ಚಾದಾನಿ ಹಿಡಿದುಕೊಂಡು. ಹಳೆಯ ಮೂತಿಯ ಜಾಗದಲ್ಲಿ ತಗಡಿನದೊಂದು ಹೊಸ ಮೂತಿ ಹೊಳೆಯುತ್ತಿತ್ತು, ತುಸು ಸೊಟ್ಟಗೆ.

"ಅವ್ವಾರು ಹೆಚ್ಚಾಗ್ಯಾದ ಅಂದ್ರು, ನೋಡಿದ್ರ ಮುರದದ. ಮೂತಿ ಒಳಗೇ ಇಟ್ಟು ಕೊಟ್ಟಾರಂದ್ರ ದುರಸ್ತಿಗೇ ಅಲ್ಲೇನ್ರಿ ಬಾಯಾರ? ಹಳೀದು ಕೂಡಂಗಿಲ್ಲ ಅಂದ್ರು ನಮ್ಮ ಮನಿಯವ್ರು, ತಗಡಿಂದು ಹಚ್ಚ್ಯಾರ."

ಆ ಸಂಜೆ ಹೀರಾಬಾಯಿ ಪಡಸಾಲೆಗೆ ಬಂದು ಚಾದಾನಿಯನ್ನು ಕೈಗೆ ಬಂದಂತೆ ಕೆಳಗಿಟ್ಟಳು. "ಆರ್ತದ, ಕುಡೀರಿ," ಎಂದಳು, ಅತ್ತೆಯ ಎದುರಿಗೇ. ದೌಲತರಾಯ ಚಾದಾನಿಯನ್ನು ನೋಡಲಿಲ್ಲ. ತಲೆಯೆತ್ತಿ ಅವಳ ಮುಖವನ್ನೇ ನೋಡಿದ.

ಅನುರಾಗವೂ ಮನುಷ್ಯರಂತೆಯೇ, ಮಹಾಶಯರೇ! ಸಂಕೇತವೊಂದನ್ನು ಕಟ್ಟಿಕೊಂಡು ಅದರೊಳಗೆ ಬೆಚ್ಚಗೆ ವಾಸಿಸುತ್ತದೆ. ಆ ಸೂರು ಕುಸಿದ ದಿನ ಅಂಗಳಕ್ಕೆ ಬಂದು ನಿಲ್ಲಲೇಬೇಕಾಗುತ್ತದೆ. ಆಗ ಒಂದು ಕ್ಷಣ ನಡುಗಬಹುದು, ಲೋಕ ನಗಲೂಬಹುದು... ಆದರೆ ನಾಲ್ಕು ಜನರ ನಡುವೆ ಹೆಸರು ಹಿಡಿದು ಕರೆದವನೂ, ಆ ಕರೆಗೆ ನಿಂತು ಉತ್ತರ ಕೊಟ್ಟವಳೂ ಮತ್ತೆ ಮೂಕರಾಗುವುದುಂಟೇ!