ಹನುಮಕ್ಕನ ಮುದ್ದೆ ಊಟ

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ತಟ್ಟೆ ಇಡ್ಲಿ ಹೋಟೆಲ್ ನಡೆಸುವ ಸಂಧ್ಯಾ ಗಿರಾಕಿಗಳ ಮೇಲೆ ಸಿಡುಕಿದವಳಲ್ಲ. ಆದರೆ ಆವತ್ತು ನರಸಿಂಹಯ್ಯ ಮೇಷ್ಟ್ರು ಇಡ್ಲಿ ಮುರಿಯುತ್ತಾ ಹೇಳಿದ ಮಾತಿಗೆ, ಅವರ ಮುಂದಿದ್ದ ಚಟ್ನಿ ಬಟ್ಟಲನ್ನೇ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಮುರುಡೇಶ್ವರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಸಮುದ್ರದ ದಂಡೆಗೆ ಹತ್ತಿರದಲ್ಲೇ ಸಂಧ್ಯಾಳ ತಂಗಿ ಹರ್ಷಿತಾ ಮತ್ತು ಅವಳ ಗಂಡ ಉದಯಕುಮಾರ್ ಹೋಟೆಲ್ ಇಟ್ಟಿದ್ದರು. ಕೆಳಗೆ ಊಟ ತಿಂಡಿ, ಮೇಲೆ ಬಾಡಿಗೆಗೆ ನಾಲ್ಕಾರು ರೂಮು.

"ನಿಮ್ಮವ್ವ ಸಿಕ್ಕಿದ್ರು ಕಣಮ್ಮ," ಎಂದಿದ್ದರು ಮೇಷ್ಟ್ರು. "ಗಲ್ಲಾ ಪಕ್ಕ ಕೂತ್ಕೊಂಡು ಬಂದೋರ್ನೆಲ್ಲ ಮಾತಾಡಿಸ್ತಾವ್ರೆ. ಕುಚ್ಚಲಕ್ಕಿ ಅನ್ನ ತಿಂದು ತಿಂದು ನಮಗೂ ಸಾಕಾಗಿತ್ತು. ಅಂಥದ್ರಲ್ಲಿ ಬಿಸಿ ಮುದ್ದೆ, ಬಸ್ಸಾರು! ಅವರ ಕೈಯಾಗೆ ಇಂಥ ರುಚಿ ಇದೆ ಅಂತ ಇಷ್ಟು ದಿನ ನಮಗೆ ಗೊತ್ತೇ ಇರ್ಲಿಲ್ಲವಲ್ಲ?"

ಅವ್ವ ಹನುಮಕ್ಕ ಹಾಗಲವಾಡಿಯವಳು. ಗಂಡ ತೀರಿಕೊಂಡ ಮೇಲೆ ತೋಟವನ್ನು ಮೈದುನನಿಗೆ ನೋಡಿಕೊಳ್ಳಲು ಬಿಟ್ಟು, ಗುಬ್ಬಿಗೆ ಬಂದು ದೊಡ್ಡ ಮಗಳ ಮನೆಯಲ್ಲೇ ಇದ್ದಳು. ಅವಳಿಗೆ ಬಿಪಿ ಮಾತ್ರೆ ಕೊಡಿಸುವುದು, ಕಣ್ಣಿನ ಆಪರೇಷನ್ನಿಗೆ ತುಮಕೂರಿಗೆ ಕರೆದುಕೊಂಡು ಹೋಗುವುದು, ಮೆತ್ತನೆಯ ಹಾಸಿಗೆ, ಹೊಸ ಟೀವಿ, ಎಲ್ಲವನ್ನೂ ಸಂಧ್ಯಾಳೇ ನೋಡಿಕೊಂಡಿದ್ದಳು. ಹರ್ಷಿತಾ ಯುಗಾದಿಗೆ ಒಂದು ಸೀರೆ ಕಳಿಸಿದರೆ ಮುಗಿಯಿತು. ಅಂಥವಳು ಸಂಕ್ರಾಂತಿ ಕಳೆದ ಮೇಲೆ ಬಂದು, "ಅವ್ವ ಒಂದ್ ವಾರ ಸಮುದ್ರ ನೋಡ್ಕೊಂಡು ಬರ್ಲಿ" ಎಂದು ಕರೆದುಕೊಂಡು ಹೋದಳು. ಶಿವರಾತ್ರಿ ಬಂತು, ಹೋಯಿತು. ಅವ್ವ ಬರಲಿಲ್ಲ. ಫೋನ್ ಮಾಡಿದರೆ, "ಈಗ ಆಗಲ್ಲ ಕಣವ್ವ, ಗಿರಾಕಿ ಬಂದವ್ರೆ" ಎಂದು ಇಟ್ಟುಬಿಡುತ್ತಿದ್ದಳು.

ಗಿರಾಕಿ! ತನ್ನ ಅವ್ವನ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಸಂಧ್ಯಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಹೋಟೆಲಿಗೆ ಅವ್ವ ಒಂದು ದಿನವೂ ಕಾಲಿಟ್ಟವಳಲ್ಲ.

"ಭಾನುವಾರ ಹೋಟ್ಲಿಗೆ ರಜ ಹಾಕಿ," ಎಂದಳು ಗಂಡ ಸಂತೋಷನಿಗೆ. "ಅವ್ವನ್ನ ಕರ್ಕೊಂಡ್ ಬರಣ."

"ಅವರು ಚೆನ್ನಾಗವ್ರಂತೆ, ಬುಡೇ."

"ಚೆನ್ನಾಗವ್ರಾ? ಈ ವಯಸ್ಸಲ್ಲಿ ಒಲೆ ಮುಂದೆ ನಿಲ್ಸವ್ಳೆ ಅವಳು. ಆಳಿನ ಕೂಲಿ ಉಳಿಯುತ್ತೆ ಅಂತ."

ಸಂತೋಷ್ ಅವಳ ಮುಖ ನೋಡಿ, ಬರುತ್ತಿದ್ದೇವೆಂದು ಹರ್ಷಿತಾಳಿಗೆ ಫೋನ್ ಮಾಡಲು ಎದ್ದುಹೋದ.

ಮುರುಡೇಶ್ವರದಲ್ಲಿ ಬಸ್ಸಿಳಿದು ಹೋಟೆಲ್ ಹುಡುಕುವುದೇನೂ ಕಷ್ಟವಾಗಲಿಲ್ಲ. ದಾರಿ ತಿರುವಿನಲ್ಲೇ ಆಳೆತ್ತರದ ಬೋರ್ಡು: 'ಹನುಮಕ್ಕನ ಮುದ್ದೆ ಊಟ ಸಿಗುತ್ತದೆ'. ಪಕ್ಕದಲ್ಲಿ ಅವ್ವನ ಫೋಟೋ. ಸೆರಗು ಹೊದ್ದು, ಹಲ್ಲು ಕಾಣುವಂತೆ ನಗುತ್ತಿದ್ದಳು. ಗುಬ್ಬಿಯಲ್ಲಿ ಫೋಟೋ ತೆಗೆಯಲು ಹೋದರೆ ಮುಖ ತಿರುಗಿಸುತ್ತಿದ್ದವಳು ಇವಳೇನಾ ಎಂದು ಸಂಧ್ಯಾ ನಿಂತೇ ಬಿಟ್ಟಳು. ತನ್ನ ಹೋಟೆಲಿನ ಬೋರ್ಡಿನ ಮೇಲೆ ಅವಳು ತನ್ನದೇ ಹೆಸರು ಬರೆಸಿದ್ದಳು. ಅವ್ವನ ಹೆಸರು ಇಡಬಹುದೆಂದು ತನಗೆ ಹೊಳೆದಿರಲೇ ಇಲ್ಲ ಎನ್ನುವುದೂ ಈಗ ತಂಗಿಯದೇ ತಪ್ಪಿನಂತೆ ಕಂಡಿತು.

ಹರ್ಷಿತಾ ಓಡಿ ಬಂದು ಅಕ್ಕನ ಬ್ಯಾಗು ಕಿತ್ತುಕೊಂಡಳು. ಸಮುದ್ರ ಕಾಣುವ ರೂಮನ್ನೇ ಇವರಿಗಾಗಿ ಖಾಲಿ ಇಟ್ಟಿದ್ದಳು. ಕಿಟಕಿ ತೆರೆದರೆ ಗೋಪುರ, ಅದರ ಹಿಂದೆ ನೀಲಿ ನೀರು. "ಆಹಾ!" ಎಂದ ಸಂತೋಷ್. ಸಂಧ್ಯಾ ಮೂಗು ಮುರಿದು, "ಮೀನಿನ ವಾಸನೆ" ಎಂದಳು. ದಿಂಬು ಗಟ್ಟಿ, ಬಾತ್‌ರೂಮಿನ ನಲ್ಲಿ ಸಣ್ಣಗೆ ಸೋರುತ್ತದೆ, ಕಾಫಿ ನೀರು ನೀರು. ಹರ್ಷಿತಾ ಎಲ್ಲದಕ್ಕೂ "ಸರಿ ಮಾಡಿಸ್ತೀನಿ ಅಕ್ಕ" ಎನ್ನುತ್ತಿದ್ದಳು. ಅವಳು ತಿರುಗಿ ಜಗಳಕ್ಕೆ ನಿಲ್ಲದೆ ಇದ್ದದ್ದು ಸಂಧ್ಯಾಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಅವ್ವ ಬಂದು ಮಗಳ ಗಲ್ಲ ಸವರಿದಳು. ಕೈ ಬಿಸಿಯಾಗಿತ್ತು, ರಾಗಿ ಹಿಟ್ಟು ಮೆತ್ತಿಕೊಂಡಿತ್ತು. "ಇಳಿದು ಹೋಗಿದ್ದೀಯಲ್ಲೇ," ಎಂದಳು. ಅಷ್ಟರಲ್ಲಿ ಕೆಳಗಿನಿಂದ ಯಾರೋ "ಹನುಮಕ್ಕಾ" ಎಂದು ಕೂಗಿದರು. "ಬಂದೆ!" ಎಂದು ಅವ್ವ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದುಹೋದಳು. ಗುಬ್ಬಿಯಲ್ಲಿ ಮಂಡಿ ನೋವೆಂದು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದವಳು.

ಮಧ್ಯಾಹ್ನ ಸಂಧ್ಯಾ ಬಾಗಿಲ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತು ನೋಡುತ್ತಿದ್ದಳು. ಸಂತೋಷ್ ನೀರಿನಲ್ಲಿ ಆಡಲು ಹೋಗಿದ್ದ. ಕುಣಿಗಲ್ ಕಡೆಯಿಂದ ಬಂದಿದ್ದ ಒಂದು ವ್ಯಾನಿನ ಜನ ಊಟಕ್ಕೆ ಕೂತಿದ್ದರು. ಅವ್ವ ಒಬ್ಬೊಬ್ಬರ ಎಲೆಯ ಹತ್ತಿರವೂ ನಿಂತು, "ಇನ್ನೊಂದು ಮುರುಕು ಮುದ್ದೆ ಇಕ್ಕಿಸ್ಕೊಳ್ರಪ್ಪ, ನಮ್ ಕಡೆ ಊಟ ಅಲ್ವಾ ಇದು" ಎನ್ನುತ್ತಿದ್ದಳು. ಹರ್ಷಿತಾ ಗಲ್ಲಾದಲ್ಲಿ ಕೂತೇ, "ಅವ್ವ, ಸಾಕು ಕೂತ್ಕೋ" ಎಂದರೆ, "ನೀನು ನಿನ್ ಕೆಲ್ಸ ನೋಡೇ" ಎಂದು ಅವ್ವ ರೇಗಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆ ನಗುವಿನಲ್ಲಿ ತನಗೆ ಜಾಗವೇ ಇಲ್ಲ ಎನಿಸಿತು ಸಂಧ್ಯಾಳಿಗೆ.

ಆಗಲೇ ಬಾಗಿಲಲ್ಲಿ ಒಂದು ಸಂಸಾರ ಬಂದು ನಿಂತಿತು. ಗಂಡ, ಹೆಂಡತಿ, ಮುದುಕಿ, ಮಕ್ಕಳು. ಗಂಡಸು ಒಳಗೆ ಬಗ್ಗಿ ನೋಡಿ, ಹತ್ತಿರದಲ್ಲಿದ್ದ ಸಂಧ್ಯಾಳನ್ನು ಕೇಳಿದ, "ಮೇಡಂ, ಊಟ ಹೆಂಗಿದೆ ಇಲ್ಲಿ? ನಾವು ತುಮ್ಕೂರು, ಮರಳೂರಿನೋರು. ಅಮ್ಮಂಗೆ ಮುದ್ದೆ ಬೇಕಂತೆ."

ಏನು ಹೇಳಬೇಕೆಂದು ಸಂಧ್ಯಾ ಯೋಚಿಸಲೇ ಇಲ್ಲ. ಬಾಯಿ ತಾನಾಗಿ ಆಡಿತು. "ಬೇಡ. ಬೆಳಿಗ್ಗೆ ಇಲ್ಲೇ ತಿಂದು ನಮಗೆ ಹೊಟ್ಟೆ ಕೆಟ್ಟದೆ. ವಯಸ್ಸಾದೋರ್ ಬೇರೆ ಇದಾರೆ. ಮುಂದೆ ಇನ್ನೊಂದು ಹೋಟ್ಲಿದೆ, ಅಲ್ಲಿಗೋಗಿ."

ಆ ಮನುಷ್ಯ ಮುದುಕಿಯ ಕೈ ಹಿಡಿದು ಬಿಸಿಲಿನಲ್ಲಿ ಹೊರಟ. ಸಂಧ್ಯಾ ತಿರುಗಿದರೆ ಅವ್ವ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಸಾರಿನ ಬಕೆಟ್ಟು. ಹರ್ಷಿತಾ ಗಲ್ಲಾ ಬಿಟ್ಟು ಎದ್ದು ಬಂದಿದ್ದಳು.

"ಹೊಟ್ಟೆ ಕೆಟ್ಟಿರೋದು ನಿಜ ಕಣೇ ನಿಂದು," ಎಂದಳು ಅವ್ವ ಮೆಲ್ಲಗೆ.

"ಅವ್ವ, ನಾನು..."

"ಒಳಗೆ ನಡಿ."

ಅಡಿಗೆಮನೆಯಲ್ಲಿ ಸಂಧ್ಯಾ ಸೋಲೊಪ್ಪಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಕಾರಿಕೊಂಡಳು. "ನಾನು ಇಷ್ಟು ವರ್ಷ ಅಂಗೈಯಾಗೆ ಇಟ್ಕೊಂಡು ನೋಡ್ಕೊಂಡೆ. ಒಂದು ಲೋಟ ತೊಳೆಯಕ್ಕೆ ಬಿಡ್ಲಿಲ್ಲ ನಿನ್ನ. ಇವಳು ಬಂದ್ಲು, ಕೆಲಸಕ್ಕೆ ಇಟ್ಕೊಂಡ್ಲು, ನಿನಗೆ ಇವಳೇ ಚೆಂದ ಆದ್ಲು!"

"ಹೌದು, ಲೋಟ ತೊಳೆಯಕ್ಕೂ ಬಿಡ್ಲಿಲ್ಲ," ಎಂದಳು ಹನುಮಕ್ಕ. "ಬೆಳಿಗ್ಗೆ ಕತ್ಲಲ್ಲಿ ನೀವಿಬ್ಬರೂ ಹೋಟ್ಲಿಗೆ ಹೋದ್ರೆ, ಬರೋವರ್ಗೂ ನಂಗೆ ಟೀವಿನೇ ಗತಿ. ನಾನೂ ಬರ್ತೀನಿ, ಚಟ್ನಿಗೆ ಕಾಯಿನಾದ್ರೂ ತುರೀತೀನಿ ಅಂದ್ರೆ ಏನಂತಿದ್ದೆ? ನೋಡಿದ ಜನ ಏನಂತಾರೆ, ತಾಯಿನ ದುಡಿಸ್ತಾಳೆ ಅನ್ನಲ್ವಾ ಅಂತಿದ್ದೆ. ನೀನು ಚೆನ್ನಾಗಿ ನೋಡ್ಕೊಂಡೆ ಕಣವ್ವ, ಇಲ್ಲ ಅನ್ನಲ್ಲ. ದೇವರ ಗೂಡಲ್ಲಿಟ್ಟಂಗೆ ಇಟ್ಟಿದ್ದೆ. ಮಾತಾಡಕ್ಕೆ ಒಂದು ನರಪಿಳ್ಳೆ ಇರ್ಲಿಲ್ಲ ನಂಗೆ."

ಅವ್ವ ಕೇಳಿದ್ದು ನಿಜ. ಸಂಧ್ಯಾ ಆ ಮಾತನ್ನು ಆಡಿದ್ದೂ ನಿಜ.

ಅವರ ಹಿಂದೆಯೇ ಅಡಿಗೆಮನೆಗೆ ಬಂದಿದ್ದ ಹರ್ಷಿತಾ ಈಗ ಅಕ್ಕನ ಎದುರು ನಿಂತಳು. ಅವಳ ಕಣ್ಣು ಕೆಂಪಾಗಿತ್ತು. "ಅಕ್ಕ, ನನ್ ಮೇಲೆ ಕೋಪ ಇದ್ರೆ ಬಯ್ಯಿ. ಬೇಕಾದ್ರೆ ಎರಡು ಏಟು ಹಾಕು. ಆದ್ರೆ ಅವ್ವನ ಅಡಿಗೆ ತಿಂದು ಹೊಟ್ಟೆ ಕೆಡ್ತು ಅಂದ್ಯಲ್ಲ, ಅದು ನಂಗೆ ತಡೆಯಕ್ಕಾಗ್ತಿಲ್ಲ. ಹೋಗು, ಅವರನ್ನ ಹುಡುಕ್ಕೊಂಡ್ ಬಾ."

"ನಾನಾ?"

"ನೀನೇ."

ಸುಡುವ ಮರಳಿನ ಮೇಲೆ ಸಂಧ್ಯಾ ನಡೆದಳು. ಮೊದಲು ಸಿಟ್ಟಿನಲ್ಲೇ ನಡೆದಳು, ನಾಲ್ಕು ಹೆಜ್ಜೆಗೆ ಕಣ್ಣೀರು ಬಂತು. ಮುಂದಿನ ಹೋಟೆಲಿನಲ್ಲಿ ಆ ಸಂಸಾರ ಇರಲಿಲ್ಲ, ಅದರಾಚೆಯದರಲ್ಲೂ ಇಲ್ಲ. ಕೊನೆಗೆ ಎಳನೀರು ಗಾಡಿಯ ನೆರಳಿನಲ್ಲಿ ಸಿಕ್ಕರು. ಮುದುಕಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬಾಡಿ ಕೂತಿದ್ದಳು. ಎಲ್ಲೂ ಜಾಗ ಸಿಕ್ಕಿರಲಿಲ್ಲವಂತೆ.

"ಸಾರ್, ಆ ಹೋಟ್ಲು ನನ್ ತಂಗೀದು," ಎಂದಳು ಸಂಧ್ಯಾ. "ಮುದ್ದೆ ಮಾಡೋರು ನಮ್ಮವ್ವ. ನಾನು ಸುಳ್ಳು ಹೇಳ್ದೆ. ಊಟ ಚೆನ್ನಾಗಿದೆ, ಬನ್ನಿ."

ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ನೋಡಿದ. ಅವನ ಹೆಂಡತಿಗೆ ರೇಗಿತು. "ಏನ್ರೀ ಇದು, ವಯಸ್ಸಾದೋರ್ನ ಈ ಬಿಸಿಲಲ್ಲಿ ಅಲೆಸಿದ್ರಲ್ಲ? ನಿಮ್ಮನೆ ಜಗಳಕ್ಕೆ ನಾವೇ ಬೇಕಿತ್ತಾ?"

"ತಪ್ಪಾಯ್ತು," ಎಂದಳು ಸಂಧ್ಯಾ.

ಮುದುಕಿ ಸೊಸೆಯ ಕೈ ಹಿಡಿದು ಎದ್ದಳು. "ಆಮೇಲೆ ಬಯ್ಯಿವಂತೆ ಬುಡವ್ವ. ಮುದ್ದೆ ಇದ್ಯಂತಲ್ಲ, ನಡೀರಿ."

ಅವರಿಗೆಲ್ಲ ಬಡಿಸಿದ್ದು ಸಂಧ್ಯಾಳೇ. ಮುದುಕಿ ಮತ್ತು ಹನುಮಕ್ಕ ಒಂದೇ ಬೆಂಚಿನಲ್ಲಿ ಕೂತು, ಯಾರ ಊರು ಎಲ್ಲಿ, ಯಾರ ಮನೆಗೆ ಯಾರನ್ನು ಕೊಟ್ಟಿದೆ ಎಂದೆಲ್ಲ ಮಾತಿಗಿಳಿದರು. ಹರ್ಷಿತಾ ಸಂಜೆಯವರೆಗೂ ಅಕ್ಕನ ಜೊತೆ ಮಾತಾಡಲಿಲ್ಲ. ಆಮೇಲೆ ಕಾಫಿ ತಂದು ಮುಂದಿಟ್ಟಳು. ಈ ಸಲ ಗಟ್ಟಿಯಾಗಿತ್ತು.

ಮಾರನೆಯ ದಿನ ಸಂಧ್ಯಾ ಹೊರಟಾಗ ಅವ್ವ ಜೊತೆಗೆ ಬರಲಿಲ್ಲ. "ಮಳೆಗಾಲಕ್ಕೆ ಇಲ್ಲಿ ಜನ ಕಮ್ಮಿ. ಆಗ ಬರ್ತೀನಿ," ಎಂದಳು. "ಆದ್ರೆ ಟೀವಿ ಮುಂದೆ ಕೂರಕ್ಕಲ್ಲ."

ಬಸ್ಸಿನಲ್ಲಿ ಸಂತೋಷ್, "ಹೋಗ್ಲಿ ಬುಡು, ಸಮಾಧಾನ ಆಯ್ತಾ?" ಎಂದು ಕೇಳಿದ. ಸಂಧ್ಯಾ ಕಿಟಕಿಯ ಕಡೆ ತಿರುಗಿದಳು. ಸಮಾಧಾನವೇನೂ ಆಗಿರಲಿಲ್ಲ. ತಪ್ಪು ತನ್ನದು ಎಂದು ತಿಳಿದಿತ್ತು, ಅವ್ವ ತಂಗಿಯ ಜೊತೆ ನಕ್ಕ ನಗು ಮಾತ್ರ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

ಜೂನ್ ತಿಂಗಳಲ್ಲಿ ಹನುಮಕ್ಕ ಗುಬ್ಬಿಗೆ ಬಂದಳು. ಮೊದಲನೇ ಬೆಳಿಗ್ಗೆಯೇ ಮಗಳು ಅಳಿಯನ ಜೊತೆ ಎದ್ದು, ಸೆರಗು ಸಿಕ್ಕಿಸಿಕೊಂಡು ಹೋಟೆಲಿಗೆ ನಡೆದಳು. ಚಟ್ನಿಗೆ ಹಸಿ ಶುಂಠಿ ಹೆಚ್ಚಾಗಿದೆ ಎಂದು ತಗಾದೆ ತೆಗೆದಳು. ಇಡ್ಲಿ ತಟ್ಟೆ ಇಳಿಸುವ ಹೊತ್ತಿಗೆ ಬಸ್ಸಿನ ಡ್ರೈವರುಗಳೆಲ್ಲ ಅವಳಿಗೆ ಪರಿಚಯವಾಗಿದ್ದರು. ಸಂಧ್ಯಾ ಒಲೆಯ ಮುಂದೆ ನಿಂತು ಅವ್ವನ ದನಿ ಕೇಳಿಸಿಕೊಳ್ಳುತ್ತಿದ್ದಳು. ಆ ದನಿ ಹೋಟೆಲ್ ತುಂಬಾ ಓಡಾಡುತ್ತಿದ್ದರೆ ಅವಳ ಕೈ ಚುರುಕಾಗುತ್ತಿತ್ತು.

"ಇದೇನು ಮಹಾ," ಎನ್ನುತ್ತಿದ್ದಳು ಹನುಮಕ್ಕ ಯಾವನೋ ಕಂಡಕ್ಟರಿಗೆ, "ನನ್ ಚಿಕ್ ಮಗಳ ಹೋಟ್ಲು ನೋಡ್ಬೇಕು ನೀನು. ಕೂತಲ್ಲೇ ಸಮುದ್ರ ಕಾಣುತ್ತೆ!"

ಸಂಧ್ಯಾಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಠಣ್ಣನೆ ಬಡಿಯಿತು. ಹೊಟ್ಟೆಯೊಳಗೆ ಅದೇ ಕಿಚ್ಚು ಭಗ್ಗೆಂದಿತು. ಅವಳು ಒಂದು ಕ್ಷಣ ಹಲ್ಲು ಕಚ್ಚಿ ನಿಂತು, ಆಮೇಲೆ ಬಿಸಿ ಇಡ್ಲಿಯ ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟು ಕೂಗಿದಳು.

"ಅವ್ವಾ, ಮಾತು ಸಾಕು. ಬಾ, ಮೊದ್ಲು ತಿಂಡಿ ತಿನ್ನು."